ಹಾಬಿಟನ್ ಟೂರ್: ಎಲ್ಲಾ ನಕಲಿ, ಆದರೂ ಹೋಗಿ

ಹಾಬಿಟನ್ ಅಂದರೆ 'ಲಾರ್ಡ್ ಆಫ್ ದ ರಿಂಗ್ಸ್' ಸಿನಿಮಾಗಳಿಗೆ ಕಟ್ಟಿದ ಸೆಟ್, ಹಾಬಿಟ್ ಎಂಬ ಕುಳ್ಳ ಜನರ ಊರು. ನ್ಯೂಜಿಲೆಂಡಿನ ಮಾತಮಾತಾ ಪಟ್ಟಣದ ಹತ್ತಿರವಿರುವ ಈ ಸೆಟ್ಟಿಗೆ ಗೈಡ್ ಇಲ್ಲದೆ ಬಿಡುವುದಿಲ್ಲ. ಗುಂಪಿನ ಜೊತೆ ಸುತ್ತುವುದು ನನಗೆ ಆಗಿಬರುವುದಿಲ್ಲ. ಆದರೆ ಇಲ್ಲಿ ಗೈಡ್ ಇಲ್ಲದಿದ್ದರೆ ಅರ್ಧ ಮಜಾ ತಪ್ಪುತ್ತಿತ್ತು.

ಇದು ಅಲೆಕ್ಸಾಂಡರ್ ಕುಟುಂಬದ ಕುರಿ ಫಾರಂ. 1998ರಲ್ಲಿ ನಿರ್ದೇಶಕ ಪೀಟರ್ ಜಾಕ್ಸನ್ ತಂಡ ಆಕಾಶದಿಂದ ಜಾಗ ಹುಡುಕುವಾಗ ಕಣ್ಣಿಗೆ ಬಿತ್ತಂತೆ. ಮೊದಲ ಸೆಟ್ ತಾತ್ಕಾಲಿಕವಾಗಿತ್ತು. ಈಗಿರುವುದು ಎರಡನೇ ಸರಣಿ 'ದ ಹಾಬಿಟ್'ಗೆಂದು ಗಟ್ಟಿಯಾಗಿ ಮತ್ತೆ ಕಟ್ಟಿದ್ದು.

ನನಗೆ ತುಂಬ ಹಿಡಿಸಿದ್ದು ಹಾಬಿಟ್ ಮನೆಗಳ ಬಾಗಿಲುಗಳ ಬೇರೆ ಬೇರೆ ಅಳತೆ. ಚಿಕ್ಕ ಬಾಗಿಲ ಮುಂದೆ ನಿಂತವರು ದೈತ್ಯರ ಹಾಗೆ ಕಾಣುತ್ತಾರೆ, ದೊಡ್ಡದರ ಮುಂದೆ ನಿಂತರೆ ಕುಳ್ಳರು. ಸಿನಿಮಾದಲ್ಲಿ ಹಾಬಿಟ್‌ಗಳ ಮುಂದೆ ಮಾಂತ್ರಿಕ ಗ್ಯಾಂಡಾಲ್ಫ್ ಅಷ್ಟು ಎತ್ತರ ಕಂಡಿದ್ದರಲ್ಲಿ ಈ ಆಟದ ಪಾಲೂ ಇದೆ. ಕಥಾನಾಯಕನ ಮನೆ ಬ್ಯಾಗ್ ಎಂಡ್ ಮೇಲಿನ ಓಕ್ ಮರ ಪೂರ್ತಿ ನಕಲಿ. ಎಲೆಗಳನ್ನು ತೈವಾನಿನಿಂದ ತರಿಸಿ ಕೈಯಲ್ಲೇ ಕಟ್ಟಿದ್ದಾರೆ! ತರಕಾರಿ ತೋಟ ಮಾತ್ರ ನಿಜವಾದದ್ದು.

ಹೆಚ್ಚಿನ ಬಾಗಿಲುಗಳ ಹಿಂದೆ ಏನೂ ಇಲ್ಲ. 2023ರ ಕೊನೆಯಲ್ಲಿ ಬ್ಯಾಗ್‌ಶಾಟ್ ರೋ ಎಂಬ ಬೀದಿಯಲ್ಲಿ ಒಳಗೆ ಹೋಗಿ ನೋಡುವಂಥ ಮನೆಗಳನ್ನು ತೆರೆದರು. ಅಡುಗೆಮನೆ, ಮಲಗುವ ಕೋಣೆ ಎಲ್ಲಾ ಇವೆ. ಮಕ್ಕಳು ಅಲ್ಲಿಂದ ಏಳಲೇ ಇಲ್ಲ. ದೊಡ್ಡವರೂ ಅಷ್ಟೇ ಅನ್ನಿ. ಕೊನೆಗೆ ಅಲ್ಲಿನ ಪಬ್ ಗ್ರೀನ್ ಡ್ರ್ಯಾಗನ್‌ನಲ್ಲಿ ಒಂದು ಪಾನೀಯ ಟಿಕೆಟ್ಟಿನಲ್ಲೇ ಸೇರಿದೆ. ನಾನು ಜಿಂಜರ್ ಬಿಯರ್ ತಗೊಂಡೆ, ಚೆನ್ನಾಗಿತ್ತು.

ಬೇಸರವಾದದ್ದು ಆಕ್ಲೆಂಡಿನಿಂದ ಕರೆತಂದ ಬಸ್ಸಿನವರ ಮೇಲೆ. ಹತ್ತುವ ಜಾಗವನ್ನೇ ಕೊನೇ ಗಳಿಗೆಯಲ್ಲಿ ಬದಲಿಸಿದರು. ದಾರಿ ಸುಮಾರು ಎರಡು ಗಂಟೆ. ಕಾರು ಓಡಿಸಲು ಬರುವವರು ಸುಮ್ನೆ ಬಾಡಿಗೆ ಕಾರಿನಲ್ಲಿ ಹೋಗಿ. ಮಳೆ ಬಂದರೂ ಟೂರ್ ನಡೆಯುತ್ತದೆ, ಕೊಡೆ ಅಲ್ಲೇ ಕೊಡುತ್ತಾರೆ.