ಥೆಲ್ಮಾ ರಿಟ್ಟರ್ ಸಿಕ್ಕಿದ ಡಿವಿಡಿ ಅಂಗಡಿ

ತುಮಕೂರು ಎಂ.ಜಿ. ರಸ್ತೆ ಹಿಂಭಾಗದ ಈ ಹಳೇ ಡಿವಿಡಿ ಅಂಗಡಿಗೆ ಬೋರ್ಡಿಲ್ಲ. ಒಳಗೆ ಇಬ್ಬರು ನಿಂತರೆ ಮೂರನೆಯವರು ಹೊರಗೇ ಕಾಯಬೇಕು. ಆದರೆ ಅಂಗಡಿಯವರಿಗೆ ಸಿನಿಮಾ ಗೊತ್ತು. ಹಾಲಿವುಡ್‌ನ ಹಳೇ ಕಾಲದ ನಟಿ ಥೆಲ್ಮಾ ರಿಟ್ಟರ್ ನಟಿಸಿದ್ದು ಏನಾದರೂ ಇದೆಯಾ ಅಂದೆ. “ಆ ನರ್ಸಮ್ಮ ತಾನೇ ಮೇಡಂ?” ಅಂತ ‘ರಿಯರ್ ವಿಂಡೋ’ ತೆಗೆದುಕೊಟ್ಟರು. 100 ರೂಪಾಯಿ, ಅಸಲಿ ಡಿಸ್ಕ್.

ನಾನೂ ಆಸ್ಪತ್ರೆ ವಾರ್ಡಿನಲ್ಲಿ ನರ್ಸಾಗಿ ದುಡಿದವಳು. 1954ರ ಈ ಚಿತ್ರದಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡ ನಾಯಕನ ಬೆನ್ನಿಗೆ ಆಕೆ ಎಣ್ಣೆ ತಿಕ್ಕುವುದನ್ನು ನೋಡಬೇಕು. ಕೈ ತನ್ನ ಪಾಡಿಗೆ ಕೆಲಸ ಮಾಡುತ್ತೆ, ಬಾಯಿ ಮದುವೆ ಮಾಡಿಕೋ ಅಂತ ಬುದ್ಧಿ ಹೇಳುತ್ತೆ. ನಾವೂ ರೋಗಿಗಳನ್ನು ಹೀಗೇ ಗದರಿಕೊಂಡು ನೋಡಿಕೊಳ್ಳೋದು. ಅಭಿನಯ ಅಂತ ಅನ್ನಿಸೋದೇ ಇಲ್ಲ.

1902ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಈಕೆ ಸಿನಿಮಾಕ್ಕೆ ಬಂದದ್ದು ನಲವತ್ತು ದಾಟಿದ ಮೇಲೆ, 1947ರಲ್ಲಿ, ಪರದೆ ಮೇಲೆ ಹೆಸರೂ ಹಾಕದ ಸಣ್ಣ ಪಾತ್ರದಲ್ಲಿ. ಆಮೇಲೆ ಪೋಷಕ ನಟಿಯಾಗಿ 6 ಸಲ ಆಸ್ಕರ್ ನಾಮನಿರ್ದೇಶನ, ಒಮ್ಮೆಯೂ ಕೊಡಲಿಲ್ಲ. ನೆನೆಸಿಕೊಂಡರೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ನಮ್ಮ ನೊಣವಿನಕೆರೆಯ ಉಮಾಶ್ರೀ ಅವರನ್ನು ಮೆಚ್ಚುವವರು ಈಕೆಯನ್ನೂ ನೋಡಲೇಬೇಕು.

ದೂರು ಒಂದೇ: ಡಿಸ್ಕ್ ಹಾಕಿ ತೋರಿಸೋಕೆ ಅಂಗಡಿಯಲ್ಲಿ ಪ್ಲೇಯರ್ ಇಲ್ಲ. ಗೀರು ಬಿದ್ದಿದ್ದರೆ ಮಾತಿಲ್ಲದೆ ವಾಪಸ್ ತಗೋತಾರೆ. 1953ರ ‘ಪಿಕಪ್ ಆನ್ ಸೌತ್ ಸ್ಟ್ರೀಟ್’ ತರಿಸಿಕೊಡಿ ಅಂತ ಹೇಳಿ ಬಂದಿದ್ದೇನೆ. ಬೀದಿಯಲ್ಲಿ ಟೈ ಮಾರುತ್ತಾ ತನ್ನ ಸಮಾಧಿಗೆಂದು ದುಡ್ಡು ಕೂಡಿಡುವ ಮುದುಕಿ ಅದರಲ್ಲಿ ಈಕೆಯೇ. ಸೋಮವಾರ ಅಂಗಡಿಗೆ ರಜೆ.