ಗಿಲ್ಸನ್ ಪಿಪೆಟ್‌ಮನ್ ಕ್ಲಾಸಿಕ್: ಹಲವರು ಹಂಚಿಕೊಳ್ಳುವ ಪ್ರಯೋಗಾಲಯಕ್ಕೆ ಎಷ್ಟು ಸೂಕ್ತ?

ಅಣು ಜೀವವಿಜ್ಞಾನದ ಪ್ರಯೋಗಾಲಯಕ್ಕೆ, ದ್ರವವನ್ನು ಸೂಕ್ಷ್ಮ ಪ್ರಮಾಣದಲ್ಲಿ ಅಳೆದು ಹಾಕುವ ಗಿಲ್ಸನ್ ಕಂಪನಿಯ ಕೈ ಉಪಕರಣವಾದ ಪಿಪೆಟ್‌ಮನ್ ಕ್ಲಾಸಿಕ್ ಕೊಳ್ಳಬಹುದೇ ಎಂದು ಕೇಳುವವರಿಗೆ, ಪಿ20, ಪಿ200 ಮತ್ತು ಪಿ1000 (ಕ್ರಮವಾಗಿ ಗರಿಷ್ಠ 20, 200, 1000 ಮೈಕ್ರೋಲೀಟರ್ ಅಳೆಯುವವು; ಸಾವಿರ ಮೈಕ್ರೋಲೀಟರ್ ಎಂದರೆ ಒಂದು ಮಿಲಿಲೀಟರ್) ಮೂರನ್ನೂ ನಿತ್ಯ ಬಳಸುವ ನಾನು ಧೈರ್ಯವಾಗಿ ಕೊಳ್ಳಿ ಎಂದೇ ಹೇಳುತ್ತೇನೆ. ಆದರೆ ಹೊಸದಾಗಿ ಸೇರುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಅದರ ಅಂಕಿಗಳನ್ನು ಓದುವ ಕ್ರಮವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸುವ ವ್ಯವಧಾನ ಅಲ್ಲಿರಬೇಕು.

ಗಾಜಿನ ನಳಿಕೆಗೆ ಬಾಯಿಟ್ಟು ದ್ರವ ಹೀರುತ್ತಿದ್ದ ಕಾಲದಲ್ಲಿ, 1957ರಲ್ಲಿ, ಜರ್ಮನಿಯ ಮಾರ್ಬರ್ಗ್‌ನ ಹೈನ್‌ರಿಚ್ ಶ್ನಿಟ್ಗರ್ ಸ್ಪ್ರಿಂಗ್ ಮತ್ತು ಕೊಂತದಿಂದ (ಪಿಸ್ಟನ್) ನಡೆಯುವ ಮೈಕ್ರೋಪಿಪೆಟ್ ರೂಪಿಸಿದರು. ಅಳತೆಯನ್ನು ಬೇಕಾದಂತೆ ತಿರುಗಿಸಿಕೊಳ್ಳುವ ಪಿಪೆಟ್‌ಮನ್ ಬಂದದ್ದು 1970ರ ದಶಕದಲ್ಲಿ.

ಹಿಡಿಯ ಮೇಲಿನ ಕಿಟಕಿಯಲ್ಲಿ ಮೂರು ಅಂಕಿಗಳು ಒಂದರ ಕೆಳಗೊಂದು ಕಾಣುತ್ತವೆ. ಪಿ200ರಲ್ಲಿ ಅವು ಕ್ರಮವಾಗಿ ನೂರು, ಹತ್ತು, ಬಿಡಿ. ಪಿ20ರಲ್ಲಿ ಹತ್ತು, ಬಿಡಿ, ಕೊನೆಯ ಕೆಂಪು ಅಂಕಿ ದಶಾಂಶ. ಪಿ1000ರಲ್ಲಿ ಮೊದಲ ಕೆಂಪು ಅಂಕಿಯೇ ಸಾವಿರ. ಹೀಗಾಗಿ ಪೂರ್ಣ ಅಳತೆಗೆ ತಿರುಗಿಸಿದಾಗ ಪಿ20 ಮತ್ತು ಪಿ200 ಎರಡೂ 200 ಎಂದೇ ತೋರಿಸುತ್ತವೆ, ಪಿ1000 ಮಾತ್ರ 100 ಎನ್ನುತ್ತದೆ. ಬಣ್ಣ ಗಮನಿಸದ ಕಣ್ಣಿಗೆ ಇದು ಹತ್ತು ಪಟ್ಟಿನ ವ್ಯತ್ಯಾಸ, ಡಿಎನ್ಎ ಪ್ರತಿಗಳನ್ನು ಹೆಚ್ಚಿಸುವ ಪಿಸಿಆರ್ ಮಿಶ್ರಣವೊಂದು ಕೆಡಲು ಅಷ್ಟು ಸಾಕು. ಒಮ್ಮೆ ರೂಢಿಯಾದ ಮೇಲೆ ಮಾತ್ರ ಇಷ್ಟು ಸ್ಪಷ್ಟವಾಗಿ ಓದಬಹುದಾದ ಅಳತೆಪಟ್ಟಿ ಅಪರೂಪವೆಂದು ನನಗೆ ಅನ್ನಿಸಿದೆ.

ಟಿಪ್ (ತುದಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಕೊಳವೆ) ಕಳಚುವ ಉಕ್ಕಿನ ತೋಳು ಗಟ್ಟಿಯಾಗಿದೆ; ಅದನ್ನು ತೆಗೆದರೆ ಕಿರಿದಾದ ನಳಿಕೆಯೊಳಗೂ ಪಿಪೆಟ್ ಇಳಿಯುತ್ತದೆ. ಆಟೋಕ್ಲೇವ್‌ಗೆ ಹಾಕಬಹುದಾದದ್ದು ಕೆಳಭಾಗವನ್ನು ಮಾತ್ರ, ಆದ್ದರಿಂದ ಅಂಗಾಂಶ ಕೃಷಿಯ ಕೋಣೆಯಲ್ಲಿ ಇಡೀ ಪಿಪೆಟ್ಟನ್ನು ಹಬೆಯಲ್ಲಿ ಶುದ್ಧಗೊಳಿಸಬೇಕೆನ್ನುವವರಿಗೆ ಎಪೆಂಡಾರ್ಫ್ ಕಂಪನಿಯ ರಿಸರ್ಚ್ ಪ್ಲಸ್ ಪಿಪೆಟ್ ಹೆಚ್ಚು ಒಪ್ಪುತ್ತದೆ. ದಿನವಿಡೀ 96 ಗುಳಿಯ ತಟ್ಟೆಗಳನ್ನು ತುಂಬುವವರ ಹೆಬ್ಬೆರಳಿಗೆ ಕ್ಲಾಸಿಕ್‌ನ ಸ್ಪ್ರಿಂಗ್ ಬಿಗಿಯೆನಿಸಬಹುದು. ಅಂಥವರು ಗಿಲ್ಸನ್ ಕಂಪನಿಯದೇ ಹಗುರ ಒತ್ತಡದ ಪಿಪೆಟ್‌ಮನ್ ಜಿ ನೋಡುವುದು ಒಳ್ಳೆಯದು.

ಈ ಪಿಪೆಟ್ಟಿನೊಳಗೆ ಕೊಂತಕ್ಕೂ ದ್ರವಕ್ಕೂ ನಡುವೆ ಗಾಳಿಯ ಕಂಬವಿರುತ್ತದೆ. ಆದ್ದರಿಂದ ಶೇಕಡ 50ರಷ್ಟು ಗ್ಲಿಸರಾಲ್‌ನಲ್ಲಿ ಬರುವ ಕಿಣ್ವಗಳನ್ನು ಅವಸರದಿಂದ ಎಳೆದರೆ ಅಳತೆ ಕಡಿಮೆಯಾಗುತ್ತದೆ, ಟಿಪ್‌ನ ಗೋಡೆಗೂ ಅಂಟಿಕೊಳ್ಳುತ್ತದೆ. ಗುಂಡಿಯನ್ನು ಎರಡನೆಯ ತಡೆಯವರೆಗೆ (ಪೂರ್ತಿ ಕೆಳಕ್ಕೆ) ಒತ್ತಿ ನಿಧಾನವಾಗಿ ಎಳೆದುಕೊಂಡು, ಬಿಡುವಾಗ ಮೊದಲ ತಡೆಗೆ ನಿಲ್ಲಿಸುವ ಹಿಮ್ಮುಖ ಕ್ರಮ ಇದಕ್ಕೆ ಸರಿ. ಗಾಳಿಯ ಕಂಬವಿರುವ ಪಿಪೆಟ್ ಯಾವ ಕಂಪನಿಯದಾದರೂ ಈ ನಿಯಮ ತಪ್ಪುವುದಿಲ್ಲ.

ವರ್ಷಕ್ಕೊಮ್ಮೆಯಾದರೂ ಮಾಪನಾಂಕ ಪರೀಕ್ಷೆಗೆ (ಕ್ಯಾಲಿಬ್ರೇಷನ್) ಕಳಿಸುವುದು ಕಡ್ಡಾಯವೆಂದೇ ನನ್ನ ಅಭಿಪ್ರಾಯ. ಅದರ ನಡುವೆ ಸೂಕ್ಷ್ಮ ತಕ್ಕಡಿಯೊಂದಿದ್ದರೆ ನಾವೇ ನೋಡಿಕೊಳ್ಳಬಹುದು: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 200 ಮೈಕ್ರೋಲೀಟರ್ ಶುದ್ಧ ನೀರು ಸುಮಾರು 199 ಮಿಲಿಗ್ರಾಂ ತೂಗಬೇಕು, ಮತ್ತು ಪಿಪೆಟ್‌ಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ 8655ರ ಪ್ರಕಾರ ಪಿ200ಕ್ಕೆ ಪೂರ್ಣ ಅಳತೆಯಲ್ಲಿ ಅನುಮತಿಸಿದ ಸರಾಸರಿ ವ್ಯತ್ಯಾಸ 1.6 ಮೈಕ್ರೋಲೀಟರ್. ಬಳಸದ ಹೊತ್ತಿನಲ್ಲಿ ಸ್ಟ್ಯಾಂಡಿನಲ್ಲಿ ನೆಟ್ಟಗೆ ತೂಗುಹಾಕಿದರೆ, ದ್ರವ ತುಂಬಿದ ಟಿಪ್ ಸಮೇತ ಮೇಜಿನ ಮೇಲೆ ಮಲಗಿಸದಿದ್ದರೆ, ಒಳಗಿನ ಕೊಂತ ತುಕ್ಕಿನಿಂದ ಉಳಿಯುತ್ತದೆ.

ಅನುದಾನ ಸೀಮಿತವಾಗಿದ್ದರೆ ಈ ಮೂರನ್ನೇ ಮೊದಲು ತರಿಸಿ. ಒಂದೆರಡು ಮೈಕ್ರೋಲೀಟರ್ ಕಿಣ್ವ ಅಳೆಯುವ ಕೆಲಸ ಹೆಚ್ಚಾದಾಗ ಪಿ2 ಸೇರಿಸಿಕೊಳ್ಳಬಹುದು.