ಗಲೀನಾ ಊರು, ಗ್ರಾಂಟ್ ಮನೆ ಟೂರ್: ಮನೆಗಿಂತ ಮೊದ್ಲು ಹೊಳೆ ನೋಡಿ

ಷಿಕಾಗೋ ಕಡೆ ಇರೋ ನಮ್ಮೋರೆಲ್ಲ ವೀಕೆಂಡ್ ಬಂದ್ರೆ ವಿಸ್ಕಾನ್ಸಿನ್ ಡೆಲ್ಸ್‌ಗೇ ಹೋಗ್ತಾರೆ. ಈ ಸಲ ಅಮ್ಮ ಊರಿಂದ ಬಂದಿದ್ರು ಅಂತ ನಾವು ಇಲಿನಾಯ್ ರಾಜ್ಯದ್ದೇ ಗಲೀನಾಗೆ ಹೋದ್ವಿ, ಅಮೆರಿಕದ ಅಧ್ಯಕ್ಷರಾಗಿದ್ದ ಗ್ರಾಂಟ್ ಅವರ ಮನೆ ಇರೋ ಊರು, ಕಾರಲ್ಲಿ ಸುಮಾರು ಮೂರು ಗಂಟೆ. ಜೋ ಡೇವಿಸ್ ಕೌಂಟಿದು ಕೋರ್ಟು ಕಚೇರಿ ಎಲ್ಲಾ ಇರೋದು ಇಲ್ಲೇ, ನಮ್ಮ ತಾಲ್ಲೂಕು ಕೇಂದ್ರದ ಥರ, ಆದ್ರೆ 2020ರ ಜನಗಣತಿಲಿ ಇದ್ದಿದ್ದು 3,308 ಜನ.

ಇಲಿನಾಯ್ ಅಂದ್ರೆ ಬರೀ ಸಪಾಟು ಜೋಳದ ಹೊಲ ಅಂದ್ಕೊಂಡಿದ್ದೆ. ಹೈವೇ 20ರಲ್ಲಿ ಪಶ್ಚಿಮಕ್ಕೆ ಹೋಗ್ತಾ ಹೋಗ್ತಾ ರೋಡು ಗುಡ್ಡ ಹತ್ತಿ ಇಳಿಯೋಕೆ ಶುರು ಮಾಡುತ್ತೆ, ಯಾಕಂದ್ರೆ ಹಿಮಯುಗದಲ್ಲಿ ಹಿಮನದಿಗಳು ಸುತ್ತಲಿನ ನೆಲನೆಲ್ಲ ಉಜ್ಜಿ ಸಮ ಮಾಡಿದ್ರೂ ಈ ಮೂಲೆ ಉಳ್ಕೊಳ್ತು. ರಾಜ್ಯದಲ್ಲೇ ಎತ್ತರದ ಜಾಗ ಚಾರ್ಲ್ಸ್ ಮೌಂಡ್ ಇದೇ ಕೌಂಟಿಲಿದೆ, 1,235 ಅಡಿ.

ಗಲೀನಾ ಅನ್ನೋದು ಸೀಸದ ಅದಿರಿನ ಹೆಸರು. ಮೇನ್ ಸ್ಟ್ರೀಟ್‌ನ ಒಂದು ಅಂಗಡಿಲಿ ನಿಂಬೆಹಣ್ಣಿನಷ್ಟು ತುಂಡು ಅಮ್ಮನ ಕೈಗಿಟ್ಟೆ, ಚೌಕ ಚೌಕವಾಗಿ ಒಡೆದಿರೋ ಬೂದು ಕಲ್ಲು, ಬೆಳ್ಳಿ ಥರ ಮಿಂಚುತ್ತೆ, "ಅಯ್ಯೋ, ತಕ್ಕಡಿ ಕಲ್ಲಿದ್ದಂಗಿದೆ ಕಣೋ" ಅಂದ್ರು. (ಮಕ್ಕಳಿದ್ರೆ ಮುಟ್ಟಿದ್ಮೇಲೆ ಕೈ ತೊಳೆಸಿ, ಸೀಸ ಅದು.) ಮೂಲನಿವಾಸಿಗಳಾದ ಮೆಸ್ಕ್ವಾಕಿ, ಸಾಕ್, ಹೋ-ಚಂಕ್ ಜನ ಮುಂಚಿಂದಾನೂ ಇಲ್ಲಿ ಸೀಸ ತೆಗೀತಿದ್ರು, 1820ರ ದಶಕದಲ್ಲಿ ಬಿಳಿಯರು ಮುಗಿಬಿದ್ರು. ಮಿಸಿಸಿಪ್ಪಿಯಿಂದ ಸ್ಟೀಮ್ ಬೋಟ್‌ಗಳು ಈ ಗಲೀನಾ ಹೊಳೆಗೇ ಬಂದು ಸೀಸ ತುಂಬ್ಕೊಂಡು ಹೋಗ್ತಿದ್ವು.

ಈಗ ಹೋಗಿ ನೋಡಿ ಆ ಹೊಳೆನ. ಇಷ್ಟಗಲ ನೀರಲ್ಲಿ ಸ್ಟೀಮ್ ಬೋಟಾ ಅನ್ಸುತ್ತೆ! ಸೀಸ ಕರಗಿಸೋಕೆ ಗುಡ್ಡದ ಮರ ಎಲ್ಲಾ ಕಡಿದ್ರು, ಮಳೆಗೆ ಮಣ್ಣು ಕೊಚ್ಕೊಂಡು ಬಂದು ಹೊಳೇಲಿ ಹೂಳು ತುಂಬ್ತು, ಅದರ ಜೊತೆ 1854ರಲ್ಲಿ ರೈಲೂ ಬಂತು, ಗಣಿ ಕೆಲಸನೂ ಕಮ್ಮಿ ಆಯ್ತು. 1860ರಲ್ಲಿ ಎಂಟು ಸಾವಿರ ದಾಟಿದ್ದ ಊರು ಕರಗ್ತಾ ಬಂತು. ಹಳೇದನ್ನ ಕೆಡವಿ ಹೊಸದು ಕಟ್ಟೋಕೆ ದುಡ್ಡಿರ್ಲಿಲ್ಲ, ಅದಕ್ಕೇ ಇವತ್ತು ಸಾಲು ಸಾಲು ಇಟ್ಟಿಗೆ ಕಟ್ಟಡ ಹಾಗೇ ನಿಂತಿರೋದು. ಮೇನ್ ಸ್ಟ್ರೀಟ್ ಬಾಯಲ್ಲಿರೋ ದೊಡ್ಡ ಹಸಿರು ಗೇಟು ನೋಡಿ ಕೋಟೆ ಬಾಗಿಲು ಅಂದ್ಕೋಬೇಡಿ, ಪ್ರವಾಹ ಬಂದಾಗ ಮುಚ್ಚೋದು ಅದು.

ಇನ್ನು ಗ್ರಾಂಟ್ ಮನೆ. 1860ರಲ್ಲಿ ಯುಲಿಸಿಸ್ ಗ್ರಾಂಟ್ ಇಲ್ಲಿಗೆ ಬಂದಿದ್ದು ಅಪ್ಪನ ಚರ್ಮದ ಸಾಮಾನಿನ ಅಂಗಡಿಲಿ ಕೆಲಸ ಮಾಡೋಕೆ. ಮರುವರ್ಷ ಅಮೆರಿಕದ ಅಂತರ್ಯುದ್ಧ ಶುರುವಾಯ್ತು, 1865ರಲ್ಲಿ ಉತ್ತರದವರ ಸೇನಾಪತಿಯಾಗಿ ಗೆದ್ದು ವಾಪಸ್ ಬಂದಾಗ ಊರಿನ ಪ್ರಮುಖರು ಈ ಮನೆ ಕೊಟ್ರು, 1868ರಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದ್ರು. ಮನೆ ಚಿಕ್ಕದು, ಗೈಡ್ ನಿಧಾನವಾಗಿ ಹೇಳ್ತಾರೆ, ಕೇಳಿದ್ದಕ್ಕೆಲ್ಲ ಉತ್ತರ ಕೊಟ್ರು. ಸಾಮಾನು ಬಹಳಷ್ಟು ಅದೇ ಕುಟುಂಬದ್ದು, ವೈಟ್ ಹೌಸ್‌ನಲ್ಲಿ ಬಳಸಿದ್ದ ಪಿಂಗಾಣಿ ತಟ್ಟೆನೂ ಇದೆ. ಅಮ್ಮ ಅಡಿಗೆಮನೆ ಬಾಗ್ಲಲ್ಲೇ ನಿಂತುಬಿಟ್ರು. ಟಿಕೆಟ್ ಅಂತ ಇಲ್ಲ, ಡೊನೇಶನ್ ಕೊಡ್ಬಹುದು, ಕೊಡಿ ದಯವಿಟ್ಟು. ದಿನಾ ತೆಗೆದಿರಲ್ಲ, ನೋಡ್ಕೊಂಡು ಹೋಗಿ.

ಬೇಜಾರಾಗಿದ್ದು ಒಂದೇ. ನಾವು ಉಳ್ಕೊಂಡಿದ್ದ ಕಡೆ ರೂಮು ಮೂರನೇ ಮಹಡಿ, ಲಿಫ್ಟ್ ಇಲ್ಲ, ಬುಕ್ ಮಾಡೋವಾಗ ಹೇಳ್ಲೇ ಇಲ್ಲ, ಮಂಡಿ ನೋವಿರೋ ಅಮ್ಮ ಪ್ರತಿ ಮೆಟ್ಟಿಲಿಗೂ ನಿಂತು ನಿಂತು ಹತ್ತಿದ್ರು. ಊರೇ ಗುಡ್ಡದ ಮೇಲಿದೆ, ಒಂದು ಬೀದಿಯಿಂದ ಮೇಲಿನ ಬೀದಿಗೆ ಕೆಲವು ಕಡೆ ಮೆಟ್ಟಿಲೇ ದಾರಿ. ವಯಸ್ಸಾದೋರಿದ್ರೆ ಫೋನ್ ಮಾಡಿ ಗ್ರೌಂಡ್ ಫ್ಲೋರೇ ಕೇಳಿ. ವೆಜ್ ಊಟನೂ ಕಷ್ಟ, ನಮ್ಮನ್ನ ಕಾಪಾಡಿದ್ದು ಮನೆಯಿಂದ ತಂದಿದ್ದ ಪುಳಿಯೋಗರೆ.

ಸಂಜೆ ಗ್ರಾಂಟ್ ಪಾರ್ಕ್ ಬೆಂಚಲ್ಲಿ ಅಮ್ಮನ್ನ ಕೂರಿಸಿ ನಾನೊಬ್ನೇ ನಡಿಗೆ ಸೇತುವೆ ಮೇಲೆ ಹೋಗಿ ನಿಂತೆ. ಕೆಳಗೆ ಕಂದು ನೀರು, ಎದುರಿಗೆ ಬಿಸಿಲು ಬಿದ್ದ ಇಟ್ಟಿಗೆ ಸಾಲು, ಅದರ ಮೇಲೆ ಚರ್ಚ್ ಗೋಪುರಗಳು. ವಾಪಸ್ ಬಂದಾಗ ಅಮ್ಮ ಕೇಳಿದ್ರು, "ಹೂಳು ತೆಗೆಸ್ಲಿಲ್ವೇನೋ ಇವ್ರು?"